ಸಿಂಹಾಸನದ ಸಂದು

"ಅಜ್ಜಾರ, ಇಬ್ಬರ ನಡುವಿನ ಸಂದು ಮುಚ್ಚಬೇಕಂದ್ರ ಮನುಷ್ಯ ಇನ್ನೂ ಎಷ್ಟು ಒದ್ದಾಡಬೇಕ್ರಿ?" ಎಂದು ಕಲ್ಲಯ್ಯ ಮಠದ ಗುರುಗಳಾದ ಅಜ್ಜನವರನ್ನು ಕೇಳಿದ.

ಕಲ್ಲಯ್ಯನ ಓಣಿಯಲ್ಲಿ ಎದುರುಬದುರು ಮನೆಯ ಅಕ್ಕತಂಗಿಯರಿದ್ದರು, ಅಕ್ಕ ನೀಲವ್ವ ಮತ್ತು ತಂಗಿ ಶಂಕ್ರವ್ವ. ಒಂದು ಮದುವೆಯಲ್ಲಿ ತಂಗಿ ತನ್ನನ್ನು ಎರಡನೆಯ ಪಂಕ್ತಿಗೆ ಕೂರಿಸಿದಳೆಂದು ಅಕ್ಕ ಮಾತು ಬಿಟ್ಟಿದ್ದಳು. ಅಂದಿನಿಂದ ಕಲ್ಲಯ್ಯ ದಿನವೂ ಆ ಮನೆಗೂ ಈ ಮನೆಗೂ ಓಡಾಡುತ್ತಿದ್ದ. ಇವಳ ಮಾತನ್ನು ನಯಮಾಡಿ ಅವಳಿಗೆ ಹೇಳುತ್ತಿದ್ದ, ಅವಳದನ್ನು ಇವಳಿಗೆ. ಎರಡೂ ಕಡೆ ಚಹಾ ಆಗುತ್ತಿತ್ತು, ಸಂದು ಮಾತ್ರ ಹಾಗೇ ಇತ್ತು. ಬರುವ ಸೋಮವಾರ ಶಂಕ್ರವ್ವನ ಮೊಮ್ಮಗಳಿಗೆ ಹೆಸರಿಡುವುದಿತ್ತು. ನೀಲವ್ವ ಹೊಸಿಲು ದಾಟುವುದಿಲ್ಲ ಎಂದು ಕೂತಿದ್ದಳು.

"ಭಲೆ ಕೇಳಿದಿ ನೋಡು!" ಎಂದು ಅಜ್ಜನವರು ತೊಡೆ ತಟ್ಟಿದರು. ಮರಗೆಲಸವೆಂದರೆ ಅವರಿಗೆ ಮೊದಲಿನಿಂದಲೂ ಹುಚ್ಚು. "ಕುಂದ್ರು. ಒಂದು ಸಿಂಹಾಸನದ ಕತಿ ಐತಿ." ಅವರು ಹೇಳಿದ ಕತೆ ಇದು.

ಒಬ್ಬ ಬಡಗಿ ಇದ್ದ. ಮುಂಗೈ ಬಲಕ್ಕೆ ಹೆಸರಾದವನು. ಅವನು ಬಿಗಿದ ಸ್ಕ್ರೂವನ್ನು ಇನ್ನೊಬ್ಬ ಬಿಚ್ಚಲಾರ ಎಂದು ಊರಲ್ಲಿ ಹೇಳುತ್ತಿದ್ದರು. ಹೆಚ್ಚಾಗಿ ಅವನೇ ಹೇಳುತ್ತಿದ್ದ.

ಆ ಊರಿಗೆ ಒಂದು ನಾಟಕ ಕಂಪನಿ ಬಂತು. ಬರುವ ದಾರಿಯಲ್ಲಿ ಅವರ ಸಿಂಹಾಸನ ಮುರಿದಿತ್ತು. ಮೊದಲ ಆಟ ಮರುದಿನ ಸಂಜೆಗೇ. ರಾಜನ ಪಾತ್ರ ಮಾಡುವವನು ಭಾರಿ ಆಸಾಮಿ. ಅವನು ನಡೆದು ಬಂದು ಕೂರುವವನಲ್ಲ, ಓಡಿ ಬಂದು ಹಾರಿ ಕೂರುವವನು. ಜನ ದುಡ್ಡು ಕೊಟ್ಟು ಬರುತ್ತಿದ್ದುದೇ ಆ ಹಾರಿಕೆ ನೋಡಲು.

ಊರಿನ ಬೇರೆ ಬಡಗಿಗಳು ಉಳಿ ಹಿಡಿದು ಹಲಗೆಗೆ ಹಲಗೆ ಸೇರುವ ಕೂಡುಗಳನ್ನು ಕೊರೆಯಲು ನಾಲ್ಕು ದಿನ ಬೇಕೆಂದರು. ನಮ್ಮವನು ಒಂದೇ ದಿನ ಸಾಕು ಎಂದ. ಅವನು ಹೊಸದೊಂದು ವಿದ್ಯೆ ಕಲಿತಿದ್ದ. ಒಂದು ಹಲಗೆಗೆ ಒಳಮೈಯಿಂದ ಓರೆಯಾಗಿ ತೂತು ಕೊರೆಯುವುದು, ಆ ತೂತಿನಿಂದ ಪಕ್ಕದ ಹಲಗೆಗೆ ಸ್ಕ್ರೂ ಹೊಡೆಯುವುದು. ಉಳಿ ಬೇಡ, ಹೊರಗಿನಿಂದ ಸ್ಕ್ರೂ ಕಾಣುವುದೂ ಇಲ್ಲ. "ಇದು ಮುರಿದರೆ ಈ ಊರಲ್ಲಿ ಮತ್ತೆ ಮರ ಮುಟ್ಟುವುದಿಲ್ಲ" ಎಂದು ಎಲ್ಲರ ಮುಂದೆ ಹೇಳಿಬಿಟ್ಟ. ಯಾರೂ ಕೇಳಿರಲಿಲ್ಲ, ಆದರೂ ಹೇಳಿದ.

ಮರುದಿನ ಮಧ್ಯಾಹ್ನಕ್ಕೆ ಸಿಂಹಾಸನ ಎದ್ದು ನಿಂತಿತು. ಆದರೆ ಕಾಲಿಗೂ ಚೌಕಟ್ಟಿಗೂ ಕೂಡುವಲ್ಲೆಲ್ಲ ಉಗುರು ತೂರುವಷ್ಟು ಸಂದು. ಕಂಪನಿಯ ಯಜಮಾನ ಬಂದು ಕೈಯಿಟ್ಟು ಅಲುಗಾಡಿಸಿದ. ಕಿರ್ರ್ ಎಂದಿತು.

"ಏನ್ರೀ ಬಡಿಗ್ಯಾರ, ನಿಮ್ಮ ಸಿಂಹಾಸನ ಹಲ್ಲು ಕಿಸೀತೈತಲ್ಲ?"

"ಇನ್ನೆರಡು ಸುತ್ತು ಬಿಗಿದ್ರ ಬಾಯಿ ಮುಚ್ಚತೈತ್ರಿ."

ಎರಡು ಸುತ್ತು ಬಿಗಿದ. ಮುಚ್ಚಲಿಲ್ಲ. ನಾಲ್ಕು ಬಿಗಿದ. ಸ್ಕ್ರೂವಿನ ತಲೆ ಮರದೊಳಗೆ ಹೂತುಹೋಯಿತು, ಸಂದು ಇದ್ದಷ್ಟೇ ಇತ್ತು. ನಡುವೆ ಹೊಟ್ಟು ಸಿಕ್ಕಿರಬೇಕೆಂದು ಊದಿ ನೋಡಿದ. ಏನೂ ಇರಲಿಲ್ಲ. ತೂತಿನ ಆಳ ಅಳೆದ. ಸರಿಯಾಗಿಯೇ ಇತ್ತು. ಉದ್ದನೆಯ ಸ್ಕ್ರೂ ಹಾಕಿದ. ಅದರ ಮೊನೆ ಆಚೆ ಬದಿಯಲ್ಲಿ, ರಾಜನ ಮೀನಖಂಡ ತಾಗುವ ಕಡೆಯೇ ಇಣುಕಿ ನೋಡಿತು! ಅದನ್ನು ಕಿತ್ತು ಮತ್ತೊಂದು ಹಾಕಿ ಮೈಯೆಲ್ಲ ಬಲ ಬಿಟ್ಟು ತಿರುಗಿಸಿದ. ಟಪ್ ಎಂದು ಒಂದು ಕಾಲು ಉದ್ದಕ್ಕೆ ಸೀಳಿತು.

ಹೊಸ ಕಾಲು ಮಾಡಿ ಜೋಡಿಸುವಷ್ಟರಲ್ಲಿ ಮೂರು ಗಂಟೆ. ಅದರಲ್ಲೂ ಅದೇ ಸಂದು. ಒಳಗೆ ರಾಜನ ಮುಖಕ್ಕೆ ಬಣ್ಣ ಹಚ್ಚಲು ಶುರುಮಾಡಿದ್ದರು. ಹಾರ್ಮೋನಿಯಂ ಶ್ರುತಿ ಹಿಡಿದಿತ್ತು. ಊರು ಬಿಟ್ಟು ಎತ್ತ ಹೋಗುವುದು ಎಂದು ಕೂಡ ಬಡಗಿ ಯೋಚಿಸಿದ.

ಆಮೇಲೆ ಸಿಟ್ಟಿನಿಂದ ಬೇಡವಾದ ಎರಡು ಮರದ ತುಂಡು ಎತ್ತಿಕೊಂಡ. ಓರೆ ತೂತು ಕೊರೆದು, ತುಂಡುಗಳ ನಡುವೆ ಬೆರಳಷ್ಟು ಜಾಗ ಬಿಟ್ಟು, ಕಣ್ಣು ಹತ್ತಿರ ತಂದು ನಿಧಾನವಾಗಿ ಸ್ಕ್ರೂ ತಿರುಗಿಸಿದ. ಸ್ಕ್ರೂವಿನ ಮೈಮೇಲಿನ ಸುರುಳಿಗಳು ಮೊದಲ ತುಂಡನ್ನು ಕಚ್ಚಿದವು. ನಡುವಿನ ಜಾಗ ದಾಟಿ ಎರಡನೆಯದನ್ನೂ ಕಚ್ಚಿದವು. ಅಲ್ಲಿಂದಾಚೆಗೆ ಇದರಲ್ಲಿ ಎಷ್ಟು ಮುಂದೆ ಹೋಯಿತೋ ಅದರಲ್ಲೂ ಅಷ್ಟೇ ಹೋಯಿತು. ಯಾವ ತುಂಡೂ ಹತ್ತಿರ ಬರಲಿಲ್ಲ. ಎಳೆದು ನೋಡಿದ, ದೂರ ಹೋಗಲಿಲ್ಲ. ಒತ್ತಿ ನೋಡಿದ. ಹತ್ತಿರವೂ ಬರಲಿಲ್ಲ!

"ಸಿಕ್ಕಾ ಮಗ! ಕಳ್ಳ ಇಲ್ಲೇ ಅದಾನ!" ಎಂದು ಅವನು ಕೂಗಿದ್ದಕ್ಕೆ ರಾಜ ಅರ್ಧ ಮೀಸೆಯಲ್ಲೇ ಹೊರಗೆ ಓಡಿಬಂದ. ಕೂಡಿಸಲೆಂದು ಹಾಕಿದ ಸ್ಕ್ರೂವೇ ಎರಡನ್ನೂ ಹಿಡಿದು ದೂರ ನಿಲ್ಲಿಸಿತ್ತು. ಮುಂಗೈ ಬಲ ಹೆಚ್ಚಿದಷ್ಟೂ ಸಂದು ಗಟ್ಟಿಯಾಗಿತ್ತು.

ಬಡಗಿ ಓಡಿಹೋಗಿ ಸಿಂಹಾಸನ ಬಿಚ್ಚತೊಡಗಿದ. ಪರದೆ ಏಳಲು ಎರಡು ತಾಸಿದೆ, ಇವನು ಇದ್ದದ್ದನ್ನೂ ಬಿಚ್ಚುತ್ತಿದ್ದಾನೆ! ಯಜಮಾನ ತಲೆಯ ಮೇಲೆ ಕೈ ಹೊತ್ತು ಕೂತ. ಬಡಗಿ ಒಂದೂ ಬಿಡದೆ ಸ್ಕ್ರೂಗಳನ್ನೆಲ್ಲ ಹೊರಗೆ ತೆಗೆದ. ಹಲಗೆಗೆ ಹಲಗೆಯನ್ನು ಬರಿದೇ ತಾಗಿಸಿ, ಕಬ್ಬಿಣದ ಕ್ಲಾಂಪುಗಳಲ್ಲಿ ಅದುಮಿ ಹಿಡಿದ. ನಡುವೆ ಬೆಳಕು ತೂರುವುದು ನಿಂತಿತು. ಸವೆದ ತೂತುಗಳ ಪಕ್ಕದಲ್ಲಿ ಹೊಸ ತೂತು ಕೊರೆದು, ಆಮೇಲೆ ಸ್ಕ್ರೂ ಹಾಕಿದ. ಈ ಸಲ ಬಲವೇ ಬೇಕಾಗಲಿಲ್ಲ. ಕ್ಲಾಂಪು ತೆಗೆದ. ಹಲಗೆಗಳು ಕೂಡಿದಂತೆಯೇ ಇದ್ದವು.

ಸಂಜೆ ಪರದೆ ಎದ್ದಿತು. ರಾಜ ಆ ತುದಿಯಿಂದ ಓಡಿ ಬಂದ. ಬಡಗಿ ಪಕ್ಕದ ಪರದೆಯ ಹಿಂದೆ ಕಣ್ಣು ಮುಚ್ಚಿಕೊಂಡ. ಧಡ್ ಎಂದಿತು. ಕಿರ್ರ್ ಎನ್ನಲಿಲ್ಲ. ಜನ ಶಿಳ್ಳೆ ಹೊಡೆದದ್ದು ರಾಜನಿಗೆ. ಬಡಗಿ ತನಗೇ ಎಂದುಕೊಂಡು ಕುಣಿದ, ಕುಣಿಯಲಿ ಬಿಡಿ.

ಅಜ್ಜನವರು ಹೇಳಿ ಮುಗಿಸುವಷ್ಟರಲ್ಲಿ ಕಲ್ಲಯ್ಯ ಎದ್ದು ನಿಂತಿದ್ದ. ಅವನ ಮುಖ ಅರಳಿತ್ತು.

"ತಿಳೀತ್ರಿ ಅಜ್ಜಾರ! ಬಿಗಿ ಹಿಡಿದಷ್ಟೂ ಕೆಡತೈತಿ, ಮೊದಲು ಸಡಿಲ ಬಿಡಬೇಕು. ಈಗಿಂದೀಗ ಹೋಗಿ ಅಕ್ಕಗೂ ತಂಗಿಗೂ ಇದನ್ನ ತಿಳಿಸಿ ಹೇಳಿ ಬರ್ತೀನ್ರಿ!" ಎನ್ನುತ್ತ ಒಂದು ಕಾಲಿಗೆ ಚಪ್ಪಲಿ ಮೆಟ್ಟಿಯೂ ಆಗಿತ್ತು.

ಅಜ್ಜನವರು ಅವನನ್ನೇ ನೋಡಿ ಅಂದರು: "ಕುಂದ್ರಪಾ ಕಲ್ಲಯ್ಯ, ಹಲಗಿಗೆ ಬುದ್ಧಿ ಹೇಳಾಕ ಸ್ಕ್ರೂ ಮತ್ತ ಹೊಂಟೈತಿ."