ದಿಡ್ಡಿ ಬಾಗಿಲಿನ ಮಾತು

ಮಠದ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ ಮುರಿಗೆಯ್ಯ ಒಂದು ದಿನ ಗುರುಗಳನ್ನು ಕೇಳಿದ: "ಬುದ್ಧಿ, ಯಂತ್ರ ಕಣ್ಣು ಬಿಡುವ ಮೊದಲು, ಅದನ್ನು ಎಬ್ಬಿಸುವ ಬೂಟ್ ಲೋಡರ್ ಎಂಬ ಪುಟ್ಟ ಪ್ರೋಗ್ರಾಂ ಪಾಸ್‌ವರ್ಡ್ ಕೇಳುತ್ತದೆ. ಸರಿಯಿದ್ದರೆ ಒಳಗೆ ಬಿಡುತ್ತದೆ. ಆಮೇಲೂ ಆ ಪಾಸ್‌ವರ್ಡ್ ಅದರ ಮೆಮೊರಿಯಲ್ಲಿ ಉಳಿದರೆ ಕೇಡೇನು? ಅದು ಯಾರಿಗೂ ಹೇಳುವುದಿಲ್ಲವಲ್ಲ."

ಗುರುಗಳು ಒಂದು ಕತೆ ಹೇಳಿದರು.

ಒಂದು ಕೋಟೆ. ಅದರ ಹಿಂಬದಿಗೊಂದು ದಿಡ್ಡಿ ಬಾಗಿಲು. ಬಾಗಿಲಿನ ಒಳಗಡೆ ಅಕ್ಷರದ ಬೀಗ. ಐದು ಹಿತ್ತಾಳೆ ಬಳೆ, ಒಂದೊಂದರ ಸುತ್ತಲೂ ಅಕ್ಷರ. ಗುಟ್ಟಿನ ಮಾತು ಕೂಡಿಬಂದರೆ ಮಾತ್ರ ಬೀಗ ಬಿಚ್ಚುತ್ತಿತ್ತು. ದಿನಾ ಬೆಳಗ್ಗೆ ಕಿಲ್ಲೇದಾರ ಬಂದು ಕಾವಲುಗಾರನ ಕಿವಿಯಲ್ಲಿ ಆ ಮಾತನ್ನು ಉಸುರುವನು. ಕಾವಲುಗಾರ ಬಳೆಗಳನ್ನು ತಿರುಗಿಸಿ ಬಾಗಿಲು ತೆಗೆಯುವನು, ಮತ್ತೆ ಅವನ್ನು ಕಲಸಿಬಿಡುವನು. ಎರಡನೇ ದಿನಕ್ಕೇ ಅವನಿಗೆ ಮಾತು ಬಾಯಿಪಾಠವಾಯಿತು.

ಉಂಡ ಮನೆಗೆ ಎರಡು ಬಗೆಯುವವನಲ್ಲ ಅವನು. ಕುತ್ತಿಗೆಗೆ ಕತ್ತಿ ಇಟ್ಟರೂ ಬಾಯಿ ಬಿಡುವ ಆಸಾಮಿಯಲ್ಲ. ಆದರೆ ನಾಳೆ ಕಿಲ್ಲೇದಾರನಿಗೆ ಹೆಚ್ಚುಕಡಿಮೆಯಾದರೆ ಬಾಗಿಲು ತೆಗೆಯುವವರಾರು? ಈ ಚಿಂತೆಗೆ ದಿನವಿಡೀ ಆ ಮಾತನ್ನು ಬಾಯೊಳಗೇ ಗುನುಗಿಕೊಳ್ಳುತ್ತಿದ್ದ. ಸೌದೆ ಸೀಳುವಾಗಲೂ ಅದೇ, ಆರು ವರ್ಷದ ಮಗಳಿಗೆ ಜಡೆ ಹೆಣೆಯುವಾಗಲೂ ಅದೇ. ತಾಯಿಯಿಲ್ಲದ ಕೂಸು, ಅವನ ಜೀವವೆಲ್ಲ ಅವಳ ಮೇಲೆಯೇ ಇತ್ತು.

ಮಕ್ಕಳಿಗೇನು ಗೊತ್ತು ಗುಟ್ಟು ಗಿಟ್ಟು? ಅವಳ ಪಾಲಿಗೆ ಅದು ಅಪ್ಪನ ಹಾಡು, ಅಷ್ಟೇ. ಓಣಿಯ ಮಕ್ಕಳು ಕೋಟೆಯಾಟ ಆಡುವಾಗ ಅವಳೇ ಕಾವಲು. ಆ ಮಾತು ಹೇಳಿದವರಿಗೆ ಮಾತ್ರ ಬಾಗಿಲು. ಕಂಬಳಿ ಮಾರುವವನ ವೇಷದಲ್ಲಿ ಕೋಟೆಯೊಳಗೆ ಬೀಡುಬಿಟ್ಟಿದ್ದ ವೈರಿಯ ಬೇಹುಗಾರ ಜಗಲಿಯ ಮೇಲೆ ಕೂತು ಆಟ ನೋಡಿದ. ಚೆನ್ನಾಗಿ ಆಡುತ್ತೀಯೆಂದು ಅವಳನ್ನು ಹೊಗಳಿಯೂ ಹೊಗಳಿದ.

ಮರುದಿನ ಕಿಲ್ಲೇದಾರ ಬರುವ ಮೊದಲೇ ದಿಡ್ಡಿ ಬಾಗಿಲು ತೆರೆದಿತ್ತು, ವೈರಿಯ ದಂಡು ಒಳಗಿತ್ತು. ಹೊತ್ತೇರುವಷ್ಟರಲ್ಲಿ ಓಣಿಯಲ್ಲಿ ಅಳುವುದಕ್ಕೂ ಜನ ಉಳಿದಿರಲಿಲ್ಲ.

ಗಾಯಗೊಂಡು ಬಿದ್ದಿದ್ದ ಕಿಲ್ಲೇದಾರ ಕಾವಲುಗಾರನನ್ನು ಕೇಳಿದ: "ಯಾರಿಗೆ ಹೇಳಿದೆಯೋ?"

ಕಾವಲುಗಾರನ ಮಡಿಲಲ್ಲಿ ಮಗಳ ಹೆಣವಿತ್ತು. ಅವಳ ತಲೆ ಮುಟ್ಟಿ, "ಇವಳಾಣೆ ದಣಿ, ಯಾರಿಗೂ ಹೇಳಲಿಲ್ಲ" ಎಂದ.

ಗುರುಗಳು ಕತೆ ನಿಲ್ಲಿಸಿದರು. ಪಾಪ, ಆ ಕಾವಲುಗಾರ ಆಡಿದ್ದು ನಿಜವೇ ತಾನೆ ಎಂದು ಮುರಿಗೆಯ್ಯ ಮೆಲ್ಲಗೆ ಕೇಳಿದ.

"ಹೇಳಲಿಲ್ಲ, ನಿಜ" ಎಂದರು ಗುರುಗಳು, "ಮರೆಯಲೂ ಇಲ್ಲ."