ತಾರಸಿಯ ಬೆವರು
“ಸೋರಿಕೆ ಅಲ್ಲ ಕಣಯ್ಯ, ಹೊಸ ತಾರಸಿ ಬೆವರ್ತದೆ,” ಎಂದು ಕಂಟ್ರಾಕ್ಟರ್ ಹಾಲಪ್ಪ ಎಲೆಯಡಿಕೆ ಉಗಿದ.

“ಈ ಸೋರೋ ಕೋಣೇಲಿ ಬಾಣಂತಿ ಮಗಳು ಮಲಗಬೇಕು ಸ್ವಾಮಿ,” ಎಂದ ಮನೆಯ ಯಜಮಾನ, ತಾಲ್ಲೂಕು ಕಚೇರಿಯ ಗುಮಾಸ್ತ.

“ಮಲಗಲಿ. ಏನೂ ಆಗಲ್ಲ.”

ಗುಮಾಸ್ತ ಗೃಹಪ್ರವೇಶದ ಹಿಂದಿನ ದಿನವೇ ತಾರಸಿಯ ಸುತ್ತ ಮಣ್ಣಿನ ಬದು ಹಾಕಿ ನೀರು ನಿಲ್ಲಿಸಿದ. ಮನೆ ಕಟ್ಟಿದವನಿಗೆ ಶಾಲು ಹೊದಿಸುವುದು ವಾಡಿಕೆ. ಹಾಲಪ್ಪನ ಕುರ್ಚಿಯನ್ನು ಅದೇ ಕೋಣೆಯಲ್ಲಿ ಹಾಕಿಸಿ, ಮನೆ ಕಟ್ಟಿಸಬೇಕೆಂದಿದ್ದ ನೆಂಟರನ್ನೆಲ್ಲ ಎದುರಿಗೆ ಕೂರಿಸಿದ.

ಶಾಲು ಹೊದಿಸುತ್ತಿದ್ದಂತೆ ಹಾಲಪ್ಪನ ಪೇಟದ ಮೇಲೆ ತೊಟತೊಟ ನೀರು ಬಿತ್ತು. ಅವನು ಕುರ್ಚಿ ಸರಿಸಲು ಹೋದ.

“ಕೂತ್ಕೊಳ್ಳಿ ಸ್ವಾಮಿ, ಬರೀ ಬೆವರು. ಏನೂ ಆಗಲ್ಲ.”

ಎದ್ದರೆ ಸೋರಿಕೆ ಒಪ್ಪಿದಂತೆ. ಆ ದೊಡ್ಡ ಮನುಷ್ಯ ಶಾಲು ಹಿಂಡುವಷ್ಟು ತೊಯ್ಯುವವರೆಗೂ ಹಲ್ಲುಕಿರಿದು ಕೂತ. ಕೊನೆಗೆ, “ಸೋರ್ತದಪ್ಪ, ಸೋರ್ತದೆ!” ಎಂದು ಕಿರುಚಿ ಎದ್ದ.

ಬಾಣಂತಿ ಬರುವ ಮೊದಲೇ ತಾರಸಿ ರಿಪೇರಿಯಾಯಿತು. ನೆಂಟರ ಮನೆಗಳನ್ನು ಬೇರೆಯವರು ಕಟ್ಟಿದರು.