ಚಂಬಣ್ಣನ ಕೈಗೆ ಮಾತ್ರ ಒಲಿದ ಕಾರು

ಒಂದು ತಾಲೂಕು ಊರಿನಲ್ಲಿ ವತ್ಸಲಾಬಾಯಿ ಎಂಬ ಹೆರಿಗೆ ಡಾಕ್ಟರ್ ಇದ್ದರು. ಊರವರೆಲ್ಲ ಅವರನ್ನು ‘ಬಾಯಾರ’ ಎಂದೇ ಕರೆಯುತ್ತಿದ್ದರು. ಅವರ ಹತ್ತಿರ ಒಂದು ಹಳೆಯ ಬಿಳಿ ಕಾರಿತ್ತು. ಆ ಕಾರಿಗೆ ಚಂಬಣ್ಣ ಎಂಬ ಡ್ರೈವರ್. ಇಪ್ಪತ್ತೆರಡು ವರ್ಷ ಸುತ್ತಲಿನ ಹಳ್ಳಿಗಳಿಗೆಲ್ಲ ಡಾಕ್ಟರನ್ನು ಕರೆದೊಯ್ದವನು ಅವನೇ. ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ತಾನೇ ಹೆರಿಗೆ ಮಾಡಿಸಿದವನಂತೆ ಅಂಗಳದಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಮನುಷ್ಯ ಒಳ್ಳೆಯವನೇ. ಆದರೆ ಡಾಕ್ಟರ್ ಬೇರೆ ಯಾರನ್ನಾದರೂ ಹೊಗಳಿದರೆ ಆ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ.

ಚಂಬಣ್ಣನಿಗೆ ವಯಸ್ಸಾಗುತ್ತಿದೆ, ವಾರಕ್ಕೆ ಎರಡು ದಿನ ಮನೆಯಲ್ಲಿರಲಿ ಎಂದು ಡಾಕ್ಟರ್ ಇನ್ನೊಬ್ಬ ಡ್ರೈವರನ್ನು ಇಟ್ಟುಕೊಂಡರು. ಅವನ ಹೆಸರು ಫಕೀರೇಶ. ಅವನು ನಿಧಾನಸ್ಥ. ಗುಂಡಿ ಕಂಡರೆ ಮೊದಲೇ ವೇಗ ಇಳಿಸುತ್ತಿದ್ದ.

ಮೊದಲ ವಾರವೇ ಡಾಕ್ಟರ್ ಅಂದರು: “ಚಂಬಣ್ಣ, ಆ ಫಕೀರೇಶ ಚಲೋ ಗಾಡಿ ಹೊಡಿತಾನ. ನಿನ್ನೆ ದಾರ‍್ಯಾಗ ನನಗ ನಿದ್ದಿನ ಹತ್ತಿತ್ತು.”

ಅಷ್ಟೇ ಮಾತು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಗಾಡಿಯಲ್ಲಿ ಇವರು ಒಮ್ಮೆಯೂ ನಿದ್ದೆ ಮಾಡಲಿಲ್ಲವಲ್ಲ ಎಂದು ಚಂಬಣ್ಣ ಲೆಕ್ಕ ಹಾಕಿದ. ಹೊಟ್ಟೆಯೊಳಗೆ ಕಿಚ್ಚು ಹತ್ತಿತು. ಬಿಡುವು ಕೊಟ್ಟ ಎರಡು ದಿನ ಮನೆಯ ಕಟ್ಟೆಯ ಮೇಲೆ ಕೂತು, ಬಾಯಾರು ಈಗ ಯಾವ ಊರಲ್ಲಿರಬಹುದು, ಫಕೀರೇಶನನ್ನು ಇನ್ನೆಷ್ಟು ಹೊಗಳಿರಬಹುದು ಎಂದು ಸಂಕಟಪಟ್ಟ. ಬಿಡುವು ಸಿಕ್ಕಿದ್ದಕ್ಕೆ ಅತ್ತ ಮನುಷ್ಯನನ್ನು ನೀವು ನೋಡಿರಲಿಕ್ಕಿಲ್ಲ.

ಆ ಹೊತ್ತಿಗೆ ಕಾರಿನ ಕೀ ಸ್ವಿಚ್ ಕೆಟ್ಟಿತು. ಕೀಲಿ ಹಾಕಿ ಹೊರಳಿಸಿದರೆ ‘ಟಕ್’ ಎನ್ನುವುದು, ಅಲ್ಲಿಗೆ ಮುಗಿಯುವುದು. ಎಂಜಿನ್ ಹತ್ತುತ್ತಿರಲಿಲ್ಲ. ಫಕೀರೇಶ ಇಪ್ಪತ್ತು ಸಲ ಹೊರಳಿಸಿ ಸೋತ. ಡಾಕ್ಟರ್ ಬ್ಯಾಗು ಹಿಡಿದು ನಿಂತಿದ್ದರು. ಕೊನೆಗೆ ಚಂಬಣ್ಣನಿಗೆ ಹೇಳಿಕಳಿಸಿದರು.

ಚಂಬಣ್ಣ ಬಂದ, ಕೂತ, ಕೀಲಿಯನ್ನು ಹಿಂದಕ್ಕೂ ಪಕ್ಕಕ್ಕೂ ಏನೋ ಮಾಡಿ ಹೊರಳಿಸಿದ. ಕಾರು ಶುರುವಾಯಿತು.

“ನಿನ್ನ ಕೈಗುಣಾನ ಬ್ಯಾರೆ,” ಅಂದರು ಡಾಕ್ಟರ್.

ಚಂಬಣ್ಣ ಆವತ್ತು ಎರಡು ರೊಟ್ಟಿ ಹೆಚ್ಚು ತಿಂದ.

ಫಕೀರೇಶ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿದ. “ಸ್ವಿಚ್ಚಿನ ಒಳಗಿನ ಹಿತ್ತಾಳಿ ಪಟ್ಟಿ ಸವದೈತ್ರಿ ಬಾಯಾರ. ಹೊಸಾದು ಹಾಕಿದ್ರ ಅರ್ಧ ತಾಸಿನ ಕೆಲಸ.”

ಡಾಕ್ಟರ್ ಆ ಕೆಲಸವನ್ನು ಚಂಬಣ್ಣನಿಗೆ ಒಪ್ಪಿಸಿದರು. ಅವನು ಬಜಾರಿಗೆ ಹೋದ. ಗಾಡಿಯ ವೈರಿಂಗ್ ಮಾಡುವವನ ಅಂಗಡಿಯಲ್ಲಿ ಬೇಕಾದ ಸ್ವಿಚ್ಚು ಮೊಳೆಗೆ ನೇತುಬಿದ್ದಿತ್ತು. ಚಂಬಣ್ಣ ಅದನ್ನು ಕೈಯಲ್ಲಿ ಹಿಡಿದು ನೋಡಿದ. ಇದನ್ನು ಹಾಕಿಸಿದರೆ ಯಾರು ಹೊರಳಿಸಿದರೂ ಕಾರು ಹತ್ತುತ್ತದೆ, ಆಮೇಲೆ ನನ್ನನ್ನು ಯಾರು ಕರೆಯುತ್ತಾರೆ ಎಂದು ಯೋಚಿಸಿದ. ಸ್ವಿಚ್ಚನ್ನು ಮತ್ತೆ ಮೊಳೆಗೆ ಹಾಕಿ ವಾಪಸ್ ಬಂದ.

“ಈ ಹಳೇ ಗಾಡಿಗೆ ಆ ಸ್ವಿಚ್ಚು ಈಗ ಸಿಗಂಗಿಲ್ಲಂತರೀ ಬಾಯಾರ. ನಾ ಇದ್ದೇನಲ್ಲ, ಯಾಕ ಚಿಂತಿ?”

ಡಾಕ್ಟರ್ ನಂಬಿದರು. ಇಪ್ಪತ್ತೆರಡು ವರ್ಷ ಸುಳ್ಳು ಹೇಳದವನು ಈಗೇಕೆ ಹೇಳುತ್ತಾನೆ?

ಅಲ್ಲಿಂದ ಚಂಬಣ್ಣನ ದರ್ಬಾರು ಶುರುವಾಯಿತು. ತನಗೆ ಬಿಡುವಿದ್ದ ದಿನವೂ ಬೆಳಿಗ್ಗೆ ಬಂದು ಕಾರು ಶುರು ಮಾಡಿಕೊಡುತ್ತಿದ್ದ. ಫಕೀರೇಶ ಹಳ್ಳಿಗೆ ಹೋದರೆ ಎಂಜಿನ್ ಆರಿಸುವಂತಿರಲಿಲ್ಲ. ಡಾಕ್ಟರ್ ಒಳಗೆ ಎರಡು ತಾಸು ಇದ್ದರೆ ಹೊರಗೆ ಕಾರೂ ಎರಡು ತಾಸು ಗುರುಗುಡುತ್ತಿತ್ತು. “ಆ ಕೈಚಳಕ ನನಗೂ ಕಲಿಸ್ರಿ ಕಾಕಾ,” ಎಂದು ಫಕೀರೇಶ ಎರಡು ಸಲ ಕೇಳಿದ. “ಅದು ಕಲಿಸಿದ್ರ ಬರೂದಲ್ಲ,” ಎಂದ ಚಂಬಣ್ಣ, ಮೀಸೆಯಲ್ಲೇ ನಕ್ಕು.

ಹೀಗೆ ಏಳು ತಿಂಗಳು ಹೋಯಿತು.

ಚಂಬಣ್ಣನಿಗೆ ನೀಲಾ ಎಂಬ ಒಬ್ಬಳೇ ಮಗಳು. ಅವಳನ್ನು ಹದಿನೆಂಟು ಕಿಲೋಮೀಟರ್ ದೂರದ ಹಳ್ಳಿಗೆ ಕೊಟ್ಟಿದ್ದ. ಅವಳಿಗೆ ಎಂಟು ತಿಂಗಳು ತುಂಬಿತ್ತು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಲ್ಲ, ಕರೆದುಕೊಂಡು ಬರಲು ಚಂಬಣ್ಣ ಒಂದು ದಿನ ರಜೆ ಹಾಕಿ ಬೆಳಗಿನ ಬಸ್ಸಿಗೆ ಹೊರಟ. ಹೋಗುವ ಮುಂಚೆ ಕಾರು ಶುರು ಮಾಡಿಕೊಟ್ಟು ಹೋಗಬಹುದಿತ್ತು. ಬೇಕೆಂದೇ ಶುರು ಮಾಡಿಕೊಡಲಿಲ್ಲ. ‘ಒಂದು ದಿನ ನಾನಿಲ್ಲದೆ ಇರಲಿ, ನನ್ನ ಬೆಲೆ ಗೊತ್ತಾಗಲಿ’ ಎಂದುಕೊಂಡು ಕಿಟಕಿ ಪಕ್ಕದ ಸೀಟಿನಲ್ಲಿ ಸುಖವಾಗಿ ಕೂತ.

ಮಧ್ಯಾಹ್ನ ಮಗಳ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ನೀಲಾಳಿಗೆ ನೋವು ಶುರುವಾಯಿತು. ದಿನ ತುಂಬುವುದಕ್ಕೆ ಇನ್ನೂ ತಿಂಗಳಿತ್ತು. ಓಣಿಯ ಹಿರಿಯಳೊಬ್ಬಳು ಬಂದು ನೋಡಿ, “ಕೂಸಿನ ಕಾಲು ಮುಂದಾಗಿ ಬರಾಕತ್ತಾವ, ನನ್ನ ಕೈಲೆ ಆಗೂದಲ್ಲ,” ಎಂದಳು. ಆಂಬುಲೆನ್ಸು ಬೇರೆ ಊರಿಗೆ ಹೋಗಿತ್ತು. ಚಂಬಣ್ಣ ಡಾಕ್ಟರಿಗೆ ಫೋನ್ ಮಾಡಿದ.

“ಆಕಿನ್ನ ಅಲುಗಾಡಿಸಬ್ಯಾಡ್ರಿ, ನಾನ ಬರ್ತೀನಿ,” ಎಂದರು ಡಾಕ್ಟರ್. ಆಮೇಲೆ ಫೋನಿನಲ್ಲೇ ಅವರು ಕೂಗಿದ್ದು ಕೇಳಿಸಿತು: “ಫಕೀರೇಶ, ಗಾಡಿ ತಗಿ.”

ಚಂಬಣ್ಣನಿಗೆ ಆಗ ಆ ಸ್ವಿಚ್ಚು ನೆನಪಾಯಿತು. ಫೋನು ಕಿವಿಗೆ ಒತ್ತಿಕೊಂಡೇ ನಿಂತ. ಟಕ್. ಟಕ್. ಟಕ್. ಹದಿನೆಂಟು ಕಿಲೋಮೀಟರ್ ಆಚೆಯಿಂದ ಆ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು.

ಫಕೀರೇಶ ಫೋನಿಗೆ ಬಂದ. “ಹತ್ತವಲ್ದು ಕಾಕಾ. ಹೆಂಗ ಮಾಡೂದು ಹೇಳ್ರಿ.”

“ಕೀಲಿ ಪೂರಾ ಒಳಗ ಹಾಕು. ಒಂಚೂರು ಹಿಂದಕ್ಕ ಜಗ್ಗು. ಎಡಕ್ಕ ಒತ್ತಿ ಹೊರಳಿಸು.”

ಟಕ್.

“ಎಷ್ಟು ಒತ್ತಲಿ?”

“ಸ್ವಲ್ಪ.”

ಟಕ್.

“ಸ್ವಲ್ಪ ಅಂದ್ರ ಎಷ್ಟ್ರಿ ಕಾಕಾ?”

“ಸ್ವಲ್ಪ ಅಂದ್ರ… ಇನ್ನೂ ಸ್ವಲ್ಪ. ಅಷ್ಟಲ್ಲೋ ತಮ್ಮಾ.”

ಅಂಗಳದಲ್ಲಿ ನಿಂತ ಚಂಬಣ್ಣ ಕಣ್ಣು ಮುಚ್ಚಿದ. ಬಲಗೈ ಮುಂದೆ ಚಾಚಿ ಇಲ್ಲದ ಕೀಲಿಯನ್ನು ಹಿಡಿದ, ಜಗ್ಗಿದ, ಒತ್ತಿದ, ಹೊರಳಿಸಿದ. ಬೆರಳಿಗೆ ಎಲ್ಲ ಗೊತ್ತಿತ್ತು. ಬಾಯಿಗೆ ಒಂದೂ ಬರಲಿಲ್ಲ. ಏಳು ತಿಂಗಳು ಯಾರಿಗೂ ಹೇಳಬಾರದೆಂದು ಕಾಪಾಡಿಕೊಂಡದ್ದನ್ನು ಈಗ ಹೇಳಬೇಕೆಂದರೆ ಹೇಳಲಾಗಲಿಲ್ಲ. ಒಳಗೆ ಮಗಳು “ಅಪ್ಪಾ” ಎಂದು ಕೂಗುತ್ತಿದ್ದಳು. ಇವನು ಗಾಳಿಯಲ್ಲಿ ಕೈ ತಿರುವುತ್ತ ನಿಂತಿದ್ದ. ಬೀಗರು ಬೆರಗಾಗಿ ನೋಡುತ್ತಿದ್ದರು.

ಆ ಕಡೆ ನಾಲ್ಕು ಜನ ಸೇರಿ ಕಾರು ತಳ್ಳಿ ನೋಡಿದರು. ಸ್ವಿಚ್ಚಿನಲ್ಲಿ ಕರೆಂಟೇ ಹರಿಯದಿದ್ದರೆ ತಳ್ಳಿ ಏನು ಫಲ? ಇಪ್ಪತ್ತು ನಿಮಿಷ ಹಾಳಾಯಿತು. ಆಮೇಲೆ ಫೋನು ಕಟ್ಟಾಯಿತು.

ಮುಂದಿನ ಮುಕ್ಕಾಲು ತಾಸು ಚಂಬಣ್ಣ ಹೇಗೆ ಕಳೆದನೋ ಅವನಿಗೇ ಗೊತ್ತಿಲ್ಲ. ರಸ್ತೆಯ ತನಕ ಓಡುವುದು, ಮಗಳ ದನಿ ಕೇಳಿ ವಾಪಸ್ ಓಡಿಬರುವುದು. ಕೊನೆಗೊಂದು ಮೊಪೆಡ್ಡು ಬಂತು. ಫಕೀರೇಶ ನಡೆಸುತ್ತಿದ್ದ. ಹಿಂದೆ ಅರವತ್ತೆರಡು ವರ್ಷದ ಡಾಕ್ಟರ್, ತೊಡೆಯ ಮೇಲೆ ಬ್ಯಾಗು, ತಲೆಗೂದಲ ತುಂಬ ಧೂಳು. ಇಳಿದವರೇ ಯಾರನ್ನೂ ಮಾತಾಡಿಸದೆ ಒಳಗೆ ಹೋದರು.

ಕೂಸು ಹುಟ್ಟಿತು, ಅಳಲಿಲ್ಲ. ಬಹಳ ಹೊತ್ತಾದ ಮೇಲೆ ಒಂದು ಸಣ್ಣ ದನಿ ಬಂತು. ಆಮೇಲೆ ದೊಡ್ಡ ಅಳು.

ಡಾಕ್ಟರ್ ಕೈ ತೊಳೆದು ಹೊರಗೆ ಬಂದರು. “ಇನ್ನ ಹತ್ತು ನಿಮಿಷ ತಡಾ ಆಗಿದ್ರ ತಾಯಿ ಕೂಸು ಇಬ್ಬರೂ ಕೈಬಿಟ್ಟು ಹೋಗತಿದ್ರು. ಪಾಪ, ಫಕೀರೇಶ ಏನ್ ಮಾಡ್ಯಾನು? ನಿನ್ನಂಥಾ ಕೈಗುಣ ಎಲ್ಲಾರಿಗೂ ಬರೂದಿಲ್ಲ.”

ಯಾವ ಮಾತಿಗಾಗಿ ಏಳು ತಿಂಗಳು ಹಂಬಲಿಸಿದ್ದನೋ ಅದೇ ಮಾತು ಈಗ ಚಂಬಣ್ಣನಿಗೆ ಕೆನ್ನೆಗೆ ಹೊಡೆದಂತಾಯಿತು.

“ಸ್ವಿಚ್ಚು ಸಿಗತಿತ್ರಿ ಬಾಯಾರ,” ಎಂದ, ತಲೆ ಎತ್ತದೆ. “ಬಜಾರದಾಗ ಐತಿ. ನಾನ ತರಲಿಲ್ಲ. ನೀವು ಫಕೀರೇಶನ್ನ ಹೊಗಳಿದ್ದು ನನಗ ತಡಕೊಳ್ಳಾಕ ಆಗಲಿಲ್ಲ.”

ಡಾಕ್ಟರ್ ಬೈಯಲಿಲ್ಲ. “ಇದನ್ನ ನನಗ ಹೇಳಬ್ಯಾಡ. ಒಳಗ ಹೋಗಿ ನಿನ್ನ ಮಗಳಿಗೆ ಹೇಳು,” ಎಂದರು.

ಅವನು ಒಳಗೆ ಹೋಗಿ ಹೇಳಿದ. ನೀಲಾ ಅಪ್ಪನನ್ನು ಒಮ್ಮೆ ನೋಡಿ, ಕೂಸನ್ನು ಹತ್ತಿರಕ್ಕೆ ಎಳೆದುಕೊಂಡು ಆ ಕಡೆ ಹೊರಳಿದಳು. ಇಡೀ ಜೀವನದಲ್ಲಿ ಅವನಿಗೆ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ಮರುದಿನ ಚಂಬಣ್ಣ ತಾನೇ ಹೋಗಿ ಹೊಸ ಸ್ವಿಚ್ಚು ಹಾಕಿಸಿದ. ನಿಜಕ್ಕೂ ಅರ್ಧ ತಾಸಿನ ಕೆಲಸ. ಆಮೇಲೆ ಫಕೀರೇಶನನ್ನು ಸ್ಟೀರಿಂಗಿನ ಮುಂದೆ ಕೂರಿಸಿ, ಕೀಲಿ ಅವನ ಕೈಗಿಟ್ಟು, ತಾನು ಪಕ್ಕದಲ್ಲಿ ಕೂತ. ಫಕೀರೇಶ ಹೊರಳಿಸಿದ. ಒಂದೇ ಸಲಕ್ಕೆ ಕಾರು ಹತ್ತಿತು.

ಚಂಬಣ್ಣನ ಹೊಟ್ಟೆಯಲ್ಲಿ ಚುರಕ್ ಎಂದಿತು. ಅಷ್ಟೆಲ್ಲ ಆದ ಮೇಲೂ ಎಂದಿತು. ಅದನ್ನು ನುಂಗಿಕೊಂಡು ಹೇಳಿದ:

“ನಡಿ ತಮ್ಮಾ. ಬಾಯಾರು ಕಾಯಾಕತ್ತಾರ.”

ನೀತಿ: ಇನ್ನೊಬ್ಬನಿಗೆ ಒಳ್ಳೆಯ ಹೆಸರು ಬಂತೆಂದು ಉರಿದುಕೊಂಡು, ‘ನಾನಿಲ್ಲದೆ ನಡೆಯಬಾರದು’ ಎಂದು ಕೆಟ್ಟದ್ದನ್ನು ಸರಿಪಡಿಸದೆ ಬಿಡುವವನು ದೊಡ್ಡವನಾಗುವುದಿಲ್ಲ. ಹಾಗೆ ಬಿಟ್ಟದ್ದು ತನ್ನವರಿಗೇ ಕಷ್ಟ ಬಂದ ದಿನ ಅವನಿಗೂ ಕೈಕೊಡುತ್ತದೆ. ನಾವು ಇಲ್ಲದ ದಿನವೂ ಕೆಲಸ ನಡೆಯುವಂತೆ ಮಾಡಿಡುವುದೇ ನಿಜವಾದ ಕೈಗುಣ. ಹೊಟ್ಟೆಕಿಚ್ಚು ಒಂದೇ ದಿನಕ್ಕೆ ಹೋಗುವುದಿಲ್ಲ ನಿಜ. ಅದು ಹೋಗುವ ತನಕ ಕಾಯದೆ, ಕೀಲಿಯನ್ನು ಮೊದಲು ಕೊಟ್ಟುಬಿಡಿ.